ವಾರಕ್ಕೊಮ್ಮೆ ಕೈ ಬದಲಾಗುವ ರ‍್ಯಾಂಕು

ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಎಷ್ಟನೇ ರ‍್ಯಾಂಕು?’ ಒಮ್ಮೆ ಹೇಳಿದ ಆ ಅಂಕಿ ಮಕ್ಕಳ ಹೆಸರಿಗೆ ವರ್ಷಗಟ್ಟಲೆ ಅಂಟಿಕೊಂಡುಬಿಡುತ್ತದೆ. ಮೊದಲನೆಯವರಿಗೆ ಅದನ್ನು ಉಳಿಸಿಕೊಳ್ಳುವ ಭಯ. ಮೂವತ್ತನೆಯವರಿಗೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಆದರೆ ತಮ್ಮ ರ‍್ಯಾಂಕನ್ನು ಎಲ್ಲರಿಗೂ ಕಾಣುವಂತೆ ಚೀಲಕ್ಕೆ ನೇತುಹಾಕಿಕೊಂಡು, ಪ್ರತಿ ವಾರವೂ ಅದನ್ನು ಬಿಚ್ಚಿ ಪಣಕ್ಕಿಡುವವರೂ ಇದ್ದಾರೆ. ಅಮೆರಿಕದ ಊರೂರುಗಳ ಉದ್ಯಾನಗಳಲ್ಲಿ ನಡೆಯುವ ಡಿಸ್ಕ್ ಗಾಲ್ಫ್ ಲೀಗ್‌ಗಳ ಆಟಗಾರರು ಇವರು.

ಚೆಂಡಿಲ್ಲದ ಗಾಲ್ಫ್

ಈ ಗಾಲ್ಫ್‌ನಲ್ಲಿ ಚೆಂಡೂ ಇಲ್ಲ, ಕೋಲೂ ಇಲ್ಲ, ನೆಲದಲ್ಲಿ ಕುಳಿಯೂ ಇಲ್ಲ. ಸುಮಾರು 21 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ತಟ್ಟೆಯೇ ಡಿಸ್ಕ್. ಅದನ್ನು ಮರಗಳ ನಡುವೆ ತೂರಿಸಿ ದೂರದ ಕಂಬದತ್ತ ಎಸೆಯಬೇಕು. ಕಂಬಕ್ಕೆ ಲೋಹದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ಡಿಸ್ಕ್ ಎಲ್ಲಿ ಬಿತ್ತೋ ಅಲ್ಲಿಂದ ಮುಂದಿನ ಎಸೆತ. ಸರಪಳಿಗೆ ಬಡಿದು ಬುಟ್ಟಿಯೊಳಗೆ ನಿಂತರೆ ಆ ಗುರಿ ಮುಗಿದಂತೆ. ಸಾಮಾನ್ಯವಾಗಿ ಇಂಥ 18 ಬುಟ್ಟಿಗಳು. ಎಲ್ಲವನ್ನೂ ಕಡಿಮೆ ಎಸೆತಗಳಲ್ಲಿ ಮುಗಿಸಿದವರೇ ಗೆದ್ದವರು.

ಆಟಕ್ಕೆ ರೂಪ ಕೊಟ್ಟವರು ಎಡ್ ಹೆಡ್ರಿಕ್. ಫ್ರಿಸ್ಬೀ ತಯಾರಿಸುವ ವ್ಹಾಮ್-ಓ ಕಂಪನಿಯಲ್ಲಿ ಕೆಲಸ ಮಾಡಿದವರು. 1975ರಲ್ಲಿ ಲಾಸ್ ಏಂಜಲೀಸ್ ಸಮೀಪದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಕಾಯಂ ಅಂಗಣವನ್ನು ರೂಪಿಸಿದರು. 1976ರಲ್ಲಿ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್ ಸ್ಥಾಪಿಸಿದರು. ಸರಪಳಿಯ ಬುಟ್ಟಿಗೆ ಪೇಟೆಂಟ್ ಸಿಕ್ಕಿದ್ದು 1977ರಲ್ಲಿ. ಇಂದು ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅಂಗಣಗಳಿವೆ. ಆಟದಲ್ಲಿ ಹಣವೂ ಬಂದಿದೆ. 2021ರಲ್ಲಿ ವಿಶ್ವ ಚಾಂಪಿಯನ್ ಪಾಲ್ ಮ್ಯಾಕ್‌ಬೆತ್ ಡಿಸ್ಕ್ ಕಂಪನಿಯೊಂದರ ಜೊತೆ ಮಾಡಿಕೊಂಡ ಒಪ್ಪಂದದ ಮೊತ್ತ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್!

ಊರಿನ ಲೀಗ್‌ಗೆ ಬರುವವರಿಗೆ ಆ ಕೋಟಿಯ ಆಸೆಯೇನೂ ಇರುವುದಿಲ್ಲ. ಅವರ ಕಣ್ಣು ಇರುವುದು ಅಂಗೈಯೊಳಗೆ ಹಿಡಿಸುವ ಒಂದು ಬಿಲ್ಲೆಯ ಮೇಲೆ.

ಬಿಲ್ಲೆಯ ಲೆಕ್ಕ

ವರ್ಷದ ಆರಂಭದಲ್ಲಿ ಅಲ್ಪ ಶುಲ್ಕ ಕೊಟ್ಟ ಪ್ರತಿ ಸದಸ್ಯರಿಗೂ ಕ್ಲಬ್ಬು ಅಂಕಿ ಕೊರೆದ ಪ್ಲಾಸ್ಟಿಕ್ ಅಥವಾ ಲೋಹದ ಬಿಲ್ಲೆಯೊಂದನ್ನು ಕೊಡುತ್ತದೆ. ನಮ್ಮ ರೈಲು ನಿಲ್ದಾಣದ ಕೂಲಿಗಳ ತೋಳಿನ ಹಿತ್ತಾಳೆ ಬಿಲ್ಲೆಯನ್ನು ನೆನೆಸಿಕೊಳ್ಳಿ. ವ್ಯತ್ಯಾಸವೆಂದರೆ ಕೂಲಿಯ ಅಂಕಿ ಬದಲಾಗದು. ಇದು ಬದಲಾಗುವುದಕ್ಕೆಂದೇ ಇರುವುದು. ಆಟದ ದಿನ ಬಂದವರೆಲ್ಲ ತಮ್ಮ ಬಿಲ್ಲೆಗಳನ್ನು ಒಪ್ಪಿಸುತ್ತಾರೆ. ಆಟ ಮುಗಿದ ಮೇಲೆ ಅತಿ ಕಡಿಮೆ ಎಸೆತಗಳಲ್ಲಿ ಮುಗಿಸಿದವರಿಗೆ ಅಂದಿನ ಅತಿ ಚಿಕ್ಕ ಅಂಕಿ, ಎರಡನೆಯವರಿಗೆ ಅದರ ನಂತರದ್ದು, ಹೀಗೆ ಹಂಚಿಕೆ.

ಉದಾಹರಣೆಗೆ, 3, 8, 15, 22 ಮತ್ತು 41ನೆಯ ಬಿಲ್ಲೆಯ ಐವರು ಆಡಿದರೆಂದು ಇಟ್ಟುಕೊಳ್ಳೋಣ. 41ರ ಹುಡುಗಿ ಗೆದ್ದಳು, 3ರ ಯಜಮಾನರು ಕಡೆಯವರಾದರು. ಹುಡುಗಿಯ ಚೀಲಕ್ಕೆ 3 ಬಂತು, ಯಜಮಾನರ ಪಾಲಿಗೆ 41. ಒಂದೇ ಸಂಜೆಯಲ್ಲಿ 38 ಮೆಟ್ಟಿಲು ಏರಿಕೆ, 38 ಮೆಟ್ಟಿಲು ಇಳಿತ! ಆದರೆ 1, 2 ಮತ್ತು 4ನೆಯ ಬಿಲ್ಲೆಗಳ ಒಡೆಯರು ಅಂದು ಬರಲೇ ಇಲ್ಲವಾದ್ದರಿಂದ ಅವು ಇದ್ದಲ್ಲೇ ಉಳಿದವು. ಇಬ್ಬರ ಎಸೆತಗಳು ಸಮವಾದರೆ, ಬರುವಾಗ ಚಿಕ್ಕ ಅಂಕಿ ತಂದವರಿಗೇ ಚಿಕ್ಕ ಅಂಕಿ ಸಲ್ಲುವುದು ಅನೇಕ ಕಡೆ ರೂಢಿ.

ಗೋಲಿ ಆಟದಲ್ಲಿ ಸೋತವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಇಲ್ಲಿ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಅಂಕಿ, ಮುಂದಿನ ವಾರ ಅದನ್ನು ಬದಲಿಸಿಕೊಳ್ಳುವ ಅವಕಾಶ, ಎರಡೂ ಎಲ್ಲರ ಜೊತೆಗಿರುತ್ತವೆ.

ಒಂದನೆಯ ಬಿಲ್ಲೆಯ ಸಂಕಟ

ಇಷ್ಟಾದರೂ ಆಸೆ ಬಿಡುವುದಿಲ್ಲವಲ್ಲ! ಒಂದನೆಯ ಬಿಲ್ಲೆ ಸಿಕ್ಕವರಿಗೆ ಏರಲು ಮೇಲೆ ಮೆಟ್ಟಿಲಿಲ್ಲ. ಆಡಿದರೆ ಉಳಿಸಿಕೊಳ್ಳಬಹುದು ಅಥವಾ ಕಳೆದುಕೊಳ್ಳಬಹುದು, ಅಷ್ಟೇ. ಆಡಲು ಹೋಗದೆ ಮನೆಯಲ್ಲೇ ಕುಳಿತರೆ ಯಾರೂ ಕಸಿಯಲಾರರು. ಈ ಉಪಾಯ ಹೊಳೆಯದವರು ಕಡಿಮೆ. ಆದ್ದರಿಂದಲೇ ಹಲವು ಕ್ಲಬ್ಬುಗಳು ನಿಯಮ ಮಾಡಿಕೊಂಡಿವೆ: ಇಂತಿಷ್ಟು ದಿನಗಳೊಳಗೆ ಆಡದಿದ್ದರೆ ಬಿಲ್ಲೆ ವಾಪಸು, ಮತ್ತೊಬ್ಬ ಸದಸ್ಯರು ಪಂಥಕ್ಕೆ ಕರೆದರೆ ಕಾರಣವಿಲ್ಲದೆ ಒಲ್ಲೆ ಎನ್ನುವಂತಿಲ್ಲ.

ಅತ್ತ 41ರ ಬಿಲ್ಲೆಯವರಿಗೆ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಹೊಸ ಎಸೆತವೊಂದನ್ನು ಪ್ರಯೋಗಿಸಿ ನೋಡುವ ಧೈರ್ಯ ಅವರಿಗೇ ಹೆಚ್ಚು. ತರಗತಿಯಲ್ಲೂ ಹೀಗೇ ಅಲ್ಲವೇ? ತಪ್ಪಾದೀತೆಂದು ಪ್ರಶ್ನೆ ಕೇಳದೆ ಸುಮ್ಮನೆ ಕೂರುವವರಲ್ಲಿ ಮೊದಲ ಬೆಂಚಿನವರೂ ಇರುತ್ತಾರೆ.

ಇನ್ನೊಂದು ವಿಶೇಷವೆಂದರೆ ಊರಿನ ಲೀಗ್‌ನಲ್ಲಿ ಪ್ರತ್ಯೇಕ ಅಂಪೈರ್ ಇರುವುದಿಲ್ಲ. ಜೊತೆಯಲ್ಲಿ ಆಡುವವರೇ ಪರಸ್ಪರ ಎಸೆತ ಎಣಿಸಬೇಕು. ಬುಟ್ಟಿಯಿಂದ ಹತ್ತು ಮೀಟರ್ ಒಳಗಿನಿಂದ ಎಸೆದಾಗ, ತೋಲ ತಪ್ಪಿ ಮುಂದಕ್ಕೆ ಹೆಜ್ಜೆ ಇಟ್ಟರೆ ತಪ್ಪು. ಅದನ್ನೂ ಅವರೇ ಹೇಳಬೇಕು. ಅಸೋಸಿಯೇಷನ್ನಿನ ನಿಯಮದಂತೆ, ತಪ್ಪು ಲೆಕ್ಕದ ಚೀಟಿ ಒಪ್ಪಿಸಿದವರಿಗೆ ಎರಡು ಎಸೆತಗಳ ದಂಡ. ಸುಳ್ಳು ಲೆಕ್ಕದಿಂದ ಬಿಲ್ಲೆಯನ್ನೇನೋ ಗಳಿಸಬಹುದು. ಮುಂದಿನ ವಾರ ಅದೇ ಜನರೊಂದಿಗೆ ಆಡಬೇಕಲ್ಲ!

ಒಬ್ಬರಿಗೆ ಮೂರು ಅಂಕಿ

ಹಾಗಾದರೆ 3ರ ಬಿಲ್ಲೆ ಸಿಕ್ಕಿದ ಹುಡುಗಿ ಊರಿಗೆ ಮೂರನೆಯ ಶ್ರೇಷ್ಠ ಆಟಗಾರ್ತಿಯೇ? ಅಲ್ಲ. ಅಂದು ಬಂದವರಲ್ಲಿ ಅವಳು ಚೆನ್ನಾಗಿ ಆಡಿದಳು ಎಂಬುದಷ್ಟೇ ಅದರ ಅರ್ಥ. ನಿಜವಾದ ಮಟ್ಟ ತಿಳಿಯಲು ಅಸೋಸಿಯೇಷನ್ ಬೇರೆಯೇ ರೇಟಿಂಗ್ ಇಟ್ಟುಕೊಂಡಿದೆ. ಸುಮಾರು ಒಂದು ವರ್ಷದ ಅಧಿಕೃತ ಪಂದ್ಯಗಳನ್ನೆಲ್ಲ ಸೇರಿಸಿ ಅದನ್ನು ಲೆಕ್ಕ ಹಾಕುತ್ತಾರೆ. ಒಂದು ಸಂಜೆಯ ಅದೃಷ್ಟದಿಂದ ಅದು ಹಾರುವುದಿಲ್ಲ, ಒಂದು ಸಂಜೆಯ ಸೋಲಿನಿಂದ ಕುಸಿಯುವುದೂ ಇಲ್ಲ. ಮೂರನೆಯದು ಸದಸ್ಯತ್ವ ಸಂಖ್ಯೆ. ಅದು ಸೇರಿದ ಕ್ರಮ ಮಾತ್ರ, ಎಂದಿಗೂ ಬದಲಾಗದು. 1ನೆಯ ಸಂಖ್ಯೆ ಹೆಡ್ರಿಕ್ ಅವರದು. 2002ರಲ್ಲಿ ಅವರು ತೀರಿಕೊಂಡ ಮೇಲೂ ಅವರದೇ. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಬೆರೆಸಿ ಡಿಸ್ಕ್‌ಗಳನ್ನು ಮಾಡಲಾಯಿತು.

ಒಂದು ದಿನದ ಆಟಕ್ಕೆ ಒಂದು ಅಂಕಿ, ವರ್ಷದ ಸಾಧನೆಗೆ ಒಂದು, ಗುರುತಿಗೆ ಮತ್ತೊಂದು. ಮೂರನ್ನೂ ಅವರು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ. ನಮ್ಮ ಮನೆಗಳಲ್ಲಿ ಒಂದೇ ರ‍್ಯಾಂಕು ಈ ಮೂರೂ ಆಗಿಬಿಡುತ್ತದೆ. ಸಿಇಟಿ ರ‍್ಯಾಂಕಿನ ಹಿಂದೆ ಕಾಲೇಜು ಸೀಟು ಇದೆ, ಬಿಲ್ಲೆಯ ಹಿಂದೆ ಏನೂ ಇಲ್ಲ ಎಂಬ ಮಾತು ನಿಜವೇ. ಸೀಟು ಕೊಡುವವರು ಆ ಅಂಕಿಯನ್ನು ನೋಡಲೇಬೇಕು. ಆದರೆ ಅಪ್ಪ ಅಮ್ಮ ಸೀಟು ಕೊಡುವವರಲ್ಲವಲ್ಲ. ಮಗುವಿನ ವರ್ಷವಿಡೀ ಕಲಿಕೆಯನ್ನು ಹತ್ತಿರದಿಂದ ನೋಡಿದ ಅವರು ಒಂದು ದಿನದ ಅಂಕಿಗೆ ಕಟ್ಟುಬೀಳಬೇಕಾಗಿಲ್ಲ.

ಈ ಪದ್ಧತಿಯನ್ನು ಪ್ರಯೋಗಿಸಿ ನೋಡಲು ಡಿಸ್ಕ್, ಬುಟ್ಟಿ ಬೇಕಿಲ್ಲ. ಬೀದಿಯ ಹತ್ತು ಮಕ್ಕಳು, ಒಂದು ಕೇರಂ ಬೋರ್ಡು ಅಥವಾ ಚದುರಂಗದ ಹಾಸು, ರಟ್ಟಿನಲ್ಲಿ ಕತ್ತರಿಸಿ ಅಂಕಿ ಬರೆದ ಹತ್ತು ಬಿಲ್ಲೆಗಳು ಇದ್ದರೆ ಸಾಕು. ಅಪ್ಪ ಅಮ್ಮಂದಿರೂ ಒಂದೊಂದು ಬಿಲ್ಲೆ ತೆಗೆದುಕೊಳ್ಳಲಿ. ಒಂದು ನಿಯಮವನ್ನು ಮಾತ್ರ ಮೊದಲೇ ಬರೆದಿಡಬೇಕು: ತಿಂಗಳವರೆಗೆ ಆಡಲು ಬಾರದವರ ಬಿಲ್ಲೆ ವಾಪಸು.