ಪಿಯುಸಿಯಲ್ಲಿ ಫ್ರೆಂಚ್: ನಂಬಿಕೆ ಮತ್ತು ವಾಸ್ತವ

ಕರ್ನಾಟಕದ ಪದವಿಪೂರ್ವ ಶಿಕ್ಷಣದಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದಬೇಕಾಗಿದ್ದು, ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಸಂಸ್ಕೃತ, ಹಿಂದಿ, ಉರ್ದುಗಳೊಡನೆ ಫ್ರೆಂಚ್ ಕೂಡ ಸೇರಿದೆ. ಆದರೆ ಅದನ್ನು ಕಲಿಸುವ ಕಾಲೇಜುಗಳು ಹೆಚ್ಚಾಗಿ ಬೆಂಗಳೂರಿನಂಥ ನಗರಗಳಲ್ಲಿರುವುದರಿಂದ, ಸಕಲೇಶಪುರ, ಆಲೂರು ಭಾಗದ ಮಲೆನಾಡಿನ ವಿದ್ಯಾರ್ಥಿಗಳನ್ನು ಆ ಭಾಷೆಗಿಂತ ಮೊದಲು ಅದರ ಕುರಿತ ಊಹೆಗಳೇ ತಲುಪುತ್ತವೆ.

ಇವುಗಳಲ್ಲಿ ಹೆಚ್ಚು ಹಾನಿಕರವಾದುದು, ಇಂಗ್ಲಿಷಿನಲ್ಲಿ ಪಳಗದ ಕನ್ನಡ ಮಾಧ್ಯಮದವರಿಗೆ ಫ್ರೆಂಚ್ ಒಲಿಯದು ಎಂಬ ನಂಬಿಕೆ. ಇಂಗ್ಲಿಷಿನಿಂದ ಪದಸಂಪತ್ತಿಗೆ ನೆರವಾಗುವುದು ನಿಜವಾದರೂ ಉಚ್ಚಾರಣೆಯಲ್ಲಿ ಕನ್ನಡವೇ ಹತ್ತಿರದ ನೆಂಟ: ಫ್ರೆಂಚಿನ ದಂತ್ಯ ವ್ಯಂಜನಗಳು, ಅಂದರೆ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ಧ್ವನಿಗಳು, ಕನ್ನಡದ ತ, ದಗಳಂತೆಯೇ ಇದ್ದು, ಪ, ಕಗಳೂ ಇಂಗ್ಲಿಷಿನಲ್ಲಿರುವಂತೆ ಉಸಿರು ಬೆರೆಸಿಕೊಳ್ಳುವುದಿಲ್ಲ. ಆತ್ಮೀಯರಿಗೆ ‘ತ್ಯು’, ಹಿರಿಯರಿಗೂ ಅಪರಿಚಿತರಿಗೂ ‘ವೂ’ ಎನ್ನುವ ವ್ಯವಸ್ಥೆ ನೀನು, ನೀವು ಬಲ್ಲವರಿಗೆ ವಿವರಣೆಯನ್ನೇ ಬೇಡುವುದಿಲ್ಲ. ನಿಜವಾದ ತೊಡಕು ಲಿಂಗದಲ್ಲಿದೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸಿದರೆ, ಫ್ರೆಂಚಿನಲ್ಲಿ ಪುಸ್ತಕ ಪುಲ್ಲಿಂಗ, ಮೇಜು ಸ್ತ್ರೀಲಿಂಗವಾಗಿ, ಜೊತೆಗಿನ ವಿಶೇಷಣವೂ ಅದಕ್ಕೆ ತಕ್ಕಂತೆ ರೂಪ ಬದಲಿಸಬೇಕಾಗುತ್ತದೆ. ಮೂಗಿನಿಂದ ಹೊರಡುವ ಅನುನಾಸಿಕ ಸ್ವರಗಳಿಗೂ ಪ್ರತ್ಯೇಕ ಅಭ್ಯಾಸ ಬೇಕು.

ಫ್ರೆಂಚ್ ಕಾಗುಣಿತಕ್ಕೆ ನಿಯಮವೇ ಇಲ್ಲವೆಂಬುದು ಅರ್ಧಸತ್ಯ. ಪದಾಂತ್ಯದ ವ್ಯಂಜನಗಳು ಬಹುಮಟ್ಟಿಗೆ ಮೌನವಾಗಿರುವುದರಿಂದ ಪ್ಯಾರಿಸ್ ಅಲ್ಲಿ ‘ಪಾರಿ’ಯಾಗುತ್ತದೆ, ಆದರೆ ಬರೆದುದನ್ನು ಓದುವ ನಿಯಮಗಳು ಇಂಗ್ಲಿಷಿಗಿಂತ ಸ್ಥಿರವಾಗಿವೆ, ಕಷ್ಟವಿರುವುದು ಕೇಳಿದ್ದನ್ನು ಬರೆಯುವಲ್ಲಿ.

ಈ ಸೀಮೆಗೂ ಫ್ರೆಂಚಿಗೂ ಸಂಬಂಧವಿಲ್ಲವೆನ್ನುವವರಿದ್ದಾರೆ, ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಫ್ರೆಂಚರೇ ಕಟ್ಟಿದರೆನ್ನುವವರೂ ಇದ್ದಾರೆ. ಇವೆರಡೂ ಅತಿಯಾದ ಮಾತುಗಳು. ಎಂಟು ಮೂಲೆಗಳ ನಕ್ಷತ್ರಾಕಾರದ ಆ ಕೋಟೆಯನ್ನು 1792ರಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ್. ಅದರ ವಿನ್ಯಾಸ ಮಾತ್ರ ಹದಿನೇಳನೆಯ ಶತಮಾನದ ಫ್ರೆಂಚ್ ಸೇನಾ ಎಂಜಿನಿಯರ್ ವೊಬಾನ್‌ನ ಪದ್ಧತಿಯನ್ನು ಹೋಲುತ್ತದೆ. ಮೈಸೂರು ಸೀಮೆಯಲ್ಲಿ ನೆಲೆಸಿದ್ದ ಪಾದ್ರಿ ಅಬ್ಬೆ ದ್ಯುಬ್ವಾ ಹಿಂದೂಗಳ ಆಚಾರಗಳ ಕುರಿತು ಫ್ರೆಂಚಿನಲ್ಲಿ ರಚಿಸಿದ ಗ್ರಂಥವು ಮೊದಲು ಇಂಗ್ಲಿಷ್ ಅನುವಾದವಾಗಿ ಅಚ್ಚಾಯಿತೆಂಬುದನ್ನು ಗಮನಿಸಿದರೆ, ಸ್ಥಳೀಯ ಇತಿಹಾಸದ ಅಭ್ಯಾಸಿಗೆ ಈ ಭಾಷೆ ಏಕೆ ಬೇಕೆಂಬುದು ತಿಳಿಯುತ್ತದೆ. ಕಾಫಿ ಬೆಳೆಗಾರರ ಮಕ್ಕಳಿಗೆ ಇನ್ನೊಂದು ಕಾರಣವೂ ಉಂಟು: ರೊಬಸ್ಟಾ ಬೆಳೆಯುವ ಐವರಿ ಕೋಸ್ಟಿನಂಥ ಆಫ್ರಿಕಾದ ದೇಶಗಳ ಆಡಳಿತ ಭಾಷೆ ಫ್ರೆಂಚ್.

ಅಂಕ ಗಳಿಕೆಗೆಂದೇ ಫ್ರೆಂಚ್ ಆರಿಸಿಕೊಳ್ಳುವುದು ದುರ್ಬಲ ಕಾರಣ. ಒಟ್ಟು ಶೇಕಡಾವಾರು ಏರಬಹುದಾದರೂ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಎಂಜಿನಿಯರಿಂಗ್ ರ್‍ಯಾಂಕಿಗೆ ಭಾಷೆಯ ಅಂಕಗಳನ್ನು ಪರಿಗಣಿಸುವುದಿಲ್ಲ. ಪಿಯುಸಿ ಅಂಕಪಟ್ಟಿಯು ಭಾಷಾ ಸಾಮರ್ಥ್ಯದ ಪ್ರಮಾಣಪತ್ರವೂ ಅಲ್ಲ. ಯುರೋಪಿನ ಮಾನದಂಡವು ಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ವಿಂಗಡಿಸುತ್ತದೆ. ನಡುವಿನ ಬಿ1, ಬಿ2 ಹಂತಗಳೇ ಮಧ್ಯಮ ಮಟ್ಟ. ಬಿ2ವರೆಗಿನ ಹಂತಗಳನ್ನು ದೃಢಪಡಿಸುವುದು ಫ್ರೆಂಚ್ ಶಿಕ್ಷಣ ಸಚಿವಾಲಯದ ಡೆಲ್ಫ್ ಪರೀಕ್ಷೆ. ಇದು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ನಡೆಯುತ್ತದೆ. ಕೆಳಹಂತಗಳನ್ನು ಮುಗಿಸದೆಯೂ ನೇರವಾಗಿ ಬೇಕಾದ ಹಂತಕ್ಕೆ ಕುಳಿತುಕೊಳ್ಳಬಹುದು. ಅದರ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ.