ಯಾರ ಜೋಕು, ಯಾರ ನಗು?

ಕೊಲ್ಲೂರಿಂದ ಮಾತಾಡ್ತಿದ್ದೇನೆ. ಇವತ್ತಿನ ವಿಷಯ ತಮಾಷೆ.

ನಮ್ಮ ಕರಾವಳಿಯಲ್ಲಿ ಅಷ್ಟಮಿ ಬಂದರೆ ಮೈಗೆ ಮಸಿ ಬಳಿದು 'ಕೊರಗ ವೇಷ' ಹಾಕುವ ರೂಢಿಯಿತ್ತು. ಊರೆಲ್ಲ ನಗ್ತಿತ್ತು. ಕೊರಗರು ಮಾತ್ರ ನಗಲಿಲ್ಲ. ಡೋಲು ಬಾರಿಸುವ, ಬುಟ್ಟಿ ಹೆಣೆಯುವ ಈ ಆದಿವಾಸಿಗಳನ್ನು ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸ್ತಿದ್ರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸ್ತಿದ್ರು. ಇದೇ ಅಜಲು ಪದ್ಧತಿ. ಕರ್ನಾಟಕದಲ್ಲಿ ಇದನ್ನು ನಿಷೇಧಿಸಿದ್ದು 2000ನೇ ಇಸವಿಯ ಕಾಯ್ದೆ.

ಹಾಗಾದ್ರೆ ತಮಾಷೆಯೇ ಬೇಡವಾ? ಬೇಕು ಮಾರಾಯ್ರೆ. ತುಳುನಾಡಿನ ಕೊರಗಜ್ಜನ ಕತೆ ಕೇಳಿ. ಒಂದು ಪಾಠದಲ್ಲಿ ಕೊರಗ ತನಿಯ ಹೇಳ್ತಾನೆ: ಏಳಾಳಿನ ಹೊರೆ ಒಬ್ಬನೇ ಹೊರ್ತೇನೆ, ಆದರೆ ಏಳಾಳಿನ ಊಟವೂ ನನಗೇ ಬೇಕು! ಕೇಳಿದವರಿಗೆ ನಗು. ಅಷ್ಟೂ ಹೊತ್ತು ದೇವಸ್ಥಾನಕ್ಕೆ ತಲುಪಿದರೆ, ಹೊರೆ ಒಳಗೆ ಹೋಗ್ತದೆ, ಅವನಿಗೆ ಪ್ರವೇಶ ಇಲ್ಲ. ನಗು ಗಂಟಲಲ್ಲೇ ನಿಲ್ತದೆ. ವೇಷ ನೋಡಿ ನಕ್ಕವರು ಕೊರಗನನ್ನು ನೋಡಿ ನಕ್ಕರು. ಈ ಕತೆ ಅವನ ಜೊತೆ ನಗಿಸಿ, ಬಾಗಿಲಲ್ಲಿ ತಡೆದವರ ಕಡೆ ಕೈ ತೋರಿಸ್ತದೆ.

ಅಮೆರಿಕದಲ್ಲೂ ಹೀಗೇ. ಅಲ್ಲಿನ ಮೂಲನಿವಾಸಿಗಳನ್ನು ಸಿನಿಮಾಗಳು ಗರಿ ತೊಡಿಸಿ ಗೊಂಬೆ ಮಾಡಿದ್ದವು. 2021ರಲ್ಲಿ ಅವರೇ ಬರೆದು, ಅವರೇ ನಿರ್ದೇಶಿಸಿದ 'ರಿಸರ್ವೇಷನ್ ಡಾಗ್ಸ್' ಸರಣಿ ಬಂತು. ಅದರಲ್ಲೊಬ್ಬ ಯೋಧನ ಪ್ರೇತ ಇದೆ. ಯುದ್ಧದಲ್ಲಿ ಒಂದು ಏಟೂ ಹೊಡೆಯದೆ, ತನ್ನದೇ ಕುದುರೆ ಅಡಿಗೆ ಸಿಕ್ಕಿ ಸತ್ತವನು! ಸಿನಿಮಾದ 'ವೀರ ಇಂಡಿಯನ್' ಅಲ್ಲೇ ಪುಡಿ.

ಇನ್ನು ಮಿಮಿಕ್ರಿ ರೀಲ್ ಶೇರ್ ಮಾಡುವ ಮೊದಲು ಒಂದೇ ಪ್ರಶ್ನೆ: ಇದರಲ್ಲಿರುವ ಜನ ಪಕ್ಕದಲ್ಲೇ ಕೂತಿದ್ದರೆ, ಅವರೂ ನಗ್ತಿದ್ರಾ?