ಅರ್ಧ ಮಿಲಿಮೀಟರಿನ ಅಚ್ಚರಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ಸೀಮೆಯಲ್ಲಿ ನಗು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗ ಹುಡುಗಿಯರನ್ನು ಕಾಣದ ಊರು ಕಡಿಮೆ. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಪಟ್ಟೆ, ಅದರ ನಡುವೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗದು. ಹೋಗುವುದಾದರೂ ಹೇಗೆ? ಕಲೆ ಇರುವುದೇ ಹಲ್ಲಿನ ಒಳಪದರದಲ್ಲಿ!

ಕಲೆಯ ಮೂಲ ಇಲ್ಲಿನ ನೆಲದಡಿಯಲ್ಲಿದೆ. ಅಲ್ಲಿನ ಬಂಡೆಗೆ 250 ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಬೋರ್‌ವೆಲ್ ಕೊರೆಯುತ್ತಾ ಸಾವಿರ ಅಡಿ ದಾಟಿತು. ಆ ಆಳದಲ್ಲಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಈ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳು ಆ ಗೆರೆಯನ್ನು ದಾಟಿವೆ. ಹಲ್ಲು ರೂಪುಗೊಳ್ಳುವಾಗ ದೇಹ ಸೇರಿದ ಹೆಚ್ಚಿನ ಫ್ಲೋರೈಡೇ ಕಲೆಗೆ ಕಾರಣ. ಶಾಶ್ವತ ಬಾಚಿಹಲ್ಲು ದವಡೆಯೊಳಗೆ ರೂಪುಗೊಳ್ಳುವುದು ಮಗು ತೊದಲು ಮಾತಾಡುವ ವಯಸ್ಸಿನಲ್ಲಿ. ಅಂದರೆ ಇಪ್ಪತ್ತರ ಯುವತಿಯ ಮುಂದಿನ ಹಲ್ಲು ನೋಡಿ, ಎರಡು ವರ್ಷದ ಕೂಸಾಗಿದ್ದಾಗ ಅವಳ ಮನೆಯ ಕೊಡದಲ್ಲಿ ಎಂಥ ನೀರಿತ್ತು ಎಂದು ಊಹಿಸಬಹುದು! ಹಲ್ಲಿನ ಹೊರಕವಚವಾದ ಎನಾಮಲ್ ಒಮ್ಮೆ ಮೂಡಿದರೆ ಮತ್ತೆ ಬೆಳೆಯುವುದಿಲ್ಲ. ಅದರಲ್ಲಿ ಜೀವಕೋಶಗಳೇ ಇಲ್ಲ.

ಅಮೆರಿಕದ ಕೊಲರಾಡೊದಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ ಇಂಥದೇ ಕಂದು ಹಲ್ಲುಗಳನ್ನು ಕಂಡು ಬೆರಗಾದದ್ದು 1901ರಲ್ಲಿ. ನೀರಿನ ಫ್ಲೋರೈಡೇ ಕಾರಣವೆಂದು ಗೊತ್ತಾದದ್ದು 1931ರಲ್ಲಿ. 1937ರಲ್ಲಿ ನಮ್ಮ ನೆರೆಯ ನೆಲ್ಲೂರಿನಿಂದಲೇ, ಅದೇ ಫ್ಲೋರೈಡ್ ಮೂಳೆಯನ್ನೂ ಬಾಗಿಸುತ್ತದೆಂಬ ವರದಿ ಬಂತು.

ಈಗ ಕೇಳಿ ಅಚ್ಚರಿಯ ಕಥೆ. ಆ ಕಲೆಯನ್ನು ಒಂದೇ ಭೇಟಿಯಲ್ಲಿ, ಹಲ್ಲನ್ನು ಹೆಚ್ಚೂಕಮ್ಮಿ ಹಾಗೇ ಉಳಿಸಿಕೊಂಡು, ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ಪದರದಿಂದ ಮರೆಮಾಡಬಹುದು. ಅದೇ ಕಾಂಪೊಸಿಟ್ ವಿನಿಯರ್. ಜನ 'ಸಿಮೆಂಟ್ ಹಾಕಿಸೋದು' ಎಂದು ಹೇಳುವ ಕೆಲಸದ ಅತ್ಯಂತ ನಾಜೂಕಿನ ರೂಪ. ರಾಳದಲ್ಲಿ ಗಾಜಿನ ಅತಿ ನುಣ್ಣನೆಯ ಪುಡಿ ಕಲಸಿದ, ಕಣಕದಂತೆ ಮೆತ್ತಗಿರುವ ವಸ್ತು. ಆ ರಾಳವನ್ನು ರೂಪಿಸಿದವರು ದಂತ ಸಂಶೋಧಕ ರಾಫೆಲ್ ಬೋವೆನ್. 1962ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಆದರೆ ಒದ್ದೆ ಬಾಯಲ್ಲಿ, ಗಾಜಿನಂಥ ನುಣುಪು ಹಲ್ಲಿಗೆ ಅದು ಅಂಟುವುದು ಹೇಗೆ? ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುವುದನ್ನು ಗಮನಿಸಿದ ದಂತ ಸಂಶೋಧಕ ಮೈಕೆಲ್ ಬುವೊನೊಕೋರ್, 1955ರಲ್ಲಿ ಅದನ್ನೇ ಹಲ್ಲಿಗೆ ಹಚ್ಚಿ ನೋಡಿದರು! ಎನಾಮಲ್ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಕುಳಿಗಳು ಬಿದ್ದವು. ತೆಳು ರಾಳ ಅವುಗಳೊಳಗೆ ಇಳಿದು ಗಟ್ಟಿಯಾದರೆ, ಲೆಕ್ಕವಿಲ್ಲದಷ್ಟು ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಇವತ್ತಿಗೂ ವಿನಿಯರ್ ನಿಂತಿರುವುದು ಆ ಬೇರುಗಳ ಮೇಲೆಯೇ.

ನಮ್ಮ ಸೀಮೆಯ ಹಲ್ಲಿನಲ್ಲಿ ಇನ್ನೊಂದು ವಿಸ್ಮಯ ಅಡಗಿದೆ. ಫ್ಲೋರೈಡ್ ಕಲೆಯ ಹಲ್ಲಿನ ಹೊರಮೈ ಮಾಮೂಲಿ ಎನಾಮಲ್‌ಗಿಂತಲೂ ಗಟ್ಟಿ, ಆಮ್ಲಕ್ಕೆ ಜಗ್ಗದು. ಅದರ ಕೆಳಗಿನ ಪದರ ಮಾತ್ರ ಸಣ್ಣ ಸಣ್ಣ ರಂಧ್ರಗಳಿಂದ ಟೊಳ್ಳು. ಹಲ್ಲು ಮೂಡುವಾಗ ಸೀಮೆಸುಣ್ಣದ ಬಿಳುಪಿರುತ್ತದೆ, ಬಳಿಕ ಊಟ-ತಿಂಡಿಯ ಬಣ್ಣ ಆ ರಂಧ್ರಗಳಿಗೆ ಇಳಿದು ಕಂದಾಗುತ್ತದೆ. ಹಾಗಾಗಿ ವೈದ್ಯರು ಮೊದಲು ಹೊರಮೈಯನ್ನು ಸ್ವಲ್ಪ ಸವೆಸಿ, 37 ಪ್ರತಿಶತದ ಆಮ್ಲವನ್ನು ಎಂದಿನ 15ರಿಂದ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿಡುತ್ತಾರೆ. ಕಲೆ ತೆಳುವಾಗಿದ್ದರೆ ಆಮ್ಲ ಬೆರೆಸಿದ ಪುಡಿಯಿಂದ ಉಜ್ಜಿದರೇ ಸಾಕು, ವಿನಿಯರ್ ಬೇಕಾಗದೆಯೂ ಇರಬಹುದು.

ಬಣ್ಣ ಆರಿಸುವುದು ಎಲ್ಲಕ್ಕೂ ಮೊದಲು, ಹಲ್ಲು ಒದ್ದೆ ಇರುವಾಗಲೇ; ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಂಡು ಮೋಸ ಮಾಡುತ್ತದೆ. ಎಂಜಲು ತಾಗದಂತೆ ರಬ್ಬರ್ ಹಾಳೆ ಕಟ್ಟುತ್ತಾರೆ. ಕಂದು ಅಡಗಲು ಬೆಳಕು ಹಾಯದ ಮಂದ ಪದರ, ಮೇಲೆ ಹಲ್ಲಿನ ಒಳಬಣ್ಣದ ಪದರ, ತುದಿಗೆ ಬೆಳಕು ಹಾಯುವ ಎನಾಮಲ್ ಬಣ್ಣ. ಪ್ರತಿ ಪದರಕ್ಕೂ ನೀಲಿ ಬೆಳಕು! 470 ನ್ಯಾನೊಮೀಟರ್ ಆಸುಪಾಸಿನ ಆ ಬೆಳಕು ಬಿದ್ದದ್ದೇ ತಡ, ಕಣಕ ಕಲ್ಲಾಗುತ್ತದೆ. ಗಟ್ಟಿಯಾಗುವಾಗ ಅದು ತುಸು ಕುಗ್ಗುತ್ತದೆ, ಅದಕ್ಕೇ ಒಂದೇ ಸಲಕ್ಕೆ ದಪ್ಪವಾಗಿ ತುಂಬುವುದಿಲ್ಲ. ಗಾಳಿ ತಾಗುವ ಮೇಲ್ಮೈಯಂತೂ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಗ್ಲಿಸರಿನ್ ಸವರಿ ಗಾಳಿ ತಡೆದು ಇನ್ನೊಮ್ಮೆ ಬೆಳಕು ಹಾಯಿಸಬೇಕು. ಕೊನೆಗೆ ಒರಟಿನಿಂದ ನುಣುಪಿನವರೆಗೆ ಒಂದಾದ ಮೇಲೊಂದು ಬಿಲ್ಲೆ ಹಾಕಿ ಹೊಳಪು ಕೊಡುತ್ತಾರೆ. ನನ್ನ ಮಟ್ಟಿಗೆ ಕಸಬುಗಾರಿಕೆ ಬಯಲಾಗುವುದು ಈ ಹೊಳಪಿನಲ್ಲೇ. ಇಲ್ಲಿ ಅವಸರ ಮಾಡಿದರೆ ಕಾಫಿ, ಎಲೆಅಡಿಕೆಯ ಬಣ್ಣ ಬೇಗ ಕೂರುತ್ತದೆ.

ಪಿಂಗಾಣಿ ವಿನಿಯರ್‌ನಷ್ಟು ಕಾಲ ಇದು ಬಾಳದು. ಆದರೆ ಚೂರು ಮುರಿದರೆ ಮುರಿದಲ್ಲಿಗಷ್ಟೇ ಹೊಸದು ಸೇರಿಸಬಹುದು, ಖರ್ಚೂ ಕಡಿಮೆ. ಕಬ್ಬು ಸಿಗಿಯುವುದನ್ನು, ಉಗುರು ಕಚ್ಚುವುದನ್ನು ಬಿಡಬೇಕು.

ಕಲೆ ಮುಚ್ಚಲು ದಾರಿ ಇದೆ, ಬಾಯಿಗೆ ಕೈ ಅಡ್ಡ ಹಿಡಿಯಬೇಕಾಗಿಲ್ಲ. ಆದರೆ ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಇಂದೇ ಬೋರ್‌ವೆಲ್ ನೀರಿನ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಮಕ್ಕಳ ಕುಡಿಯುವ ನೀರಿಗೂ ಅಡುಗೆಗೂ ಶುದ್ಧೀಕರಣ ಘಟಕದಲ್ಲಿ ಫ್ಲೋರೈಡ್ ತೆಗೆದ ನೀರನ್ನೇ ಬಳಸಿ.